ಎರಡನೆಯ ಕೇಟೆಲ್

ಮಗುವಿನ ಹೆಸರೇನೆಂದು ಇನ್ನು ಸ್ವಲ್ಪ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ. ಆದರೆ ಈಗ, ಕನ್ನಡಿಯ ಮುಂದೆ ಟೈ ಬಿಗಿಯುತ್ತ ನಿಂತಿದ್ದ ಮಗುವಿನ ಅಜ್ಜನಿಗೆ ಗೊತ್ತಿರಲಿಲ್ಲ. ಗಂಟು ಮತ್ತೆ ಎಡಕ್ಕೆ ವಾಲಿತು. ಕೇಟೆಲ್ ಅದನ್ನು ಕಿತ್ತು ಮೊದಲಿನಿಂದ ಕಟ್ಟತೊಡಗಿದ. ಜರ್ಮನಿಯ ಉತ್ತರ ಕಡಲಿನ ಫ್ಯೋರ್ ದ್ವೀಪದ ಅರ್ಧಕ್ಕರ್ಧ ಮನೆಗಳ ಚಾವಣಿಗೆ ಜೊಂಡು ಹೊದಿಸಿದ ಕೈ ಅವನದು. ತಂತಿ ಬಿಗಿದು ಬಿಗಿದು ಬೆರಳ ತುದಿಗಳು ಗೊರಸಿನ ಹಾಗೆ ಗಟ್ಟಿಯಾಗಿದ್ದವು, ರೇಷ್ಮೆಯ ಪಟ್ಟಿ ಅವಕ್ಕೆ ಸಿಕ್ಕಿಕೊಂಡು ಎಳೆ ಬಿಡುತ್ತಿತ್ತು. ಹೆಸರು ಕೇಳಬಾರದು. ದೀಕ್ಷಾಸ್ನಾನದ ನೀರು ತಲೆಗೆ ಬೀಳುವ ತನಕ ಹೆತ್ತವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಜ್ಜನಂತೂ ಕೇಳುವುದೇ ಇಲ್ಲ. ಮನೆಯ ಹಿರಿಯ ಹೆಂಗಸಿನ ಕಿವಿಯಲ್ಲಿ ಮಾತ್ರ ಹೇಳಿರುತ್ತಾರೆ, ಅವಳು ಮಗುವನ್ನು ಎತ್ತಿಕೊಂಡು ಹೋಗಿ ನಿಂತು, ಪಾದ್ರಿ ಕೇಳಿದಾಗ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾಳೆ. ಅವನ ಮನೆತನದಲ್ಲಿ ಹೀಗೇ ನಡೆದುಬಂದಿದೆ. ಬೇರೆ ಮನೆಗಳಲ್ಲಿ ಈಗ ಮಗು ಹುಟ್ಟುವ ಮೊದಲೇ ಫೋನಿನಲ್ಲಿ ಹೆಸರು ಹರಿದಾಡುತ್ತದೆ, ಕೇಕಿನ ಮೇಲೆ ಸಕ್ಕರೆಯಲ್ಲಿ ಬರೆಸಿರುತ್ತಾರೆ. ಅದನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಇವತ್ತು ಮಾತ್ರ, ಆ ಕೇಕು ಇಲ್ಲೂ ಇದ್ದಿದ್ದರೆ ಅಡುಗೆಮನೆಗೆ ಹೋಗಿ ಒಮ್ಮೆ ಇಣುಕಬಹುದಿತ್ತಲ್ಲ ಅನ್ನಿಸಿ, ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು, ಗಂಟನ್ನು ಕುತ್ತಿಗೆ ನೋಯುವಷ್ಟು ಎಳೆದ.

"ನೇಣು ಹಾಕ್ಕೋತಿದ್ದೀಯೋ ಟೈ ಕಟ್ಕೋತಿದ್ದೀಯೋ?" ಎನ್ನುತ್ತ ಹಿಂದಿನಿಂದ ಬಂದ ಹೆಂಡತಿ ಎಲೆನ್ ಅವನನ್ನು ಭುಜ ಹಿಡಿದು ತಿರುಗಿಸಿ ತಾನೇ ಗಂಟು ಹಾಕಿದಳು. ಅವಳ ಬೆರಳಿಗೆ ಬೆಣ್ಣೆಯ ವಾಸನೆಯಿತ್ತು. ಬೆಳಗಿನಿಂದ ಪ್ಲಮ್ ಹಣ್ಣಿನ ಮುರಬ್ಬ ತುಂಬಿದ ಪದರು ಕೇಕುಗಳ ಕೆಲಸ ನಡೆದಿತ್ತು. ಅವನು ಅವಳ ಮುಖವನ್ನೇ ನೋಡಿದ. ಎಲೆನ್ ಅದನ್ನು ಗಮನಿಸಿ, ತನ್ನ ಮುಖದಲ್ಲಿ ಏನೂ ಬರೆದಿಲ್ಲ, ತನಗೂ ಗೊತ್ತಿಲ್ಲ, ಗೊತ್ತಿದ್ದರೂ ಹೇಳುತ್ತಿರಲಿಲ್ಲ ಎಂದಳು. ಮದುವೆಯಾದ ಹೊಸದರಲ್ಲಿ ಒಂದು ದಿನ ಅವಳು ಅಂಗಳದಿಂದ ಕೇಟೆಲ್, ಕೇಟೆಲ್ ಎಂದು ಕೂಗುತ್ತಲೇ ಇದ್ದಳು, ಅವನು ಬಾಗಿಲ ಹಿಂದೆಯೇ ನಿಂತಿದ್ದೂ ಓಗೊಟ್ಟಿರಲಿಲ್ಲ. ಒಳಗೆ ಬಂದು ಅವನನ್ನು ಕಂಡವಳು ಕಿವುಡನೇನು ಎಂದು ರೇಗಿದಳು. ಕಿವುಡನಲ್ಲ, ಯಾರನ್ನು ಕರೆದದ್ದೆಂದು ಕಾದು ನೋಡಿ ಆಮೇಲೆ ಬರುವುದು ರೂಢಿಯಾಗಿದೆ ಎಂದು ಅವನು ಹೇಳಿದಾಗ ಅವಳು ನಕ್ಕಳು, ನಗುತ್ತ ನಗುತ್ತ ಅವನ ಮುಖ ನೋಡಿ ನಿಲ್ಲಿಸಿದಳು. ಆವತ್ತಿನಿಂದ ಅವಳು ಅವನನ್ನು ಹೆಸರು ಹಿಡಿದು ಕರೆದಿಲ್ಲ. ಕೇಳಿಲ್ಲಿ ಅನ್ನುತ್ತಾಳೆ, ಮಾರಾಯ ಅನ್ನುತ್ತಾಳೆ, ಸಿಟ್ಟು ಬಂದರೆ ಮುದುಕ ಅನ್ನುತ್ತಾಳೆ. ಅದು ಪ್ರೀತಿಯಿಂದ ಮಾಡಿದ್ದು ಎಂದು ಅವನಿಗೆ ಗೊತ್ತು. ಆದರೂ ಕೆಲವು ಸಲ, ಹಾಸಿಗೆಯಲ್ಲಿ ಮಗ್ಗುಲಾಗುವಾಗ, ಈ ಹೆಂಗಸಿನ ಬಾಯಲ್ಲಿ ನನಗೆ ಹೆಸರೇ ಇಲ್ಲವಲ್ಲ ಅನ್ನಿಸುತ್ತಿತ್ತು.

ಕೇಟೆಲ್ ಎಂಬುದು ಕೇಳದೇ ಮೊಮ್ಮಗನಿಗೆ ಬರಬೇಕಾದ ಹೆಸರು. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನದು, ಎರಡನೆಯದಕ್ಕೆ ಅಮ್ಮನ ಅಪ್ಪನದು. ಮಗಳು ಕೆರಿನ್‌ಳ ಮೊದಲ ಮಗನಿಗೆ ಅಳಿಯ ಹೆಂಡ್ರಿಕ್‌ನ ಅಪ್ಪನ ಹೆಸರು ಬಿದ್ದಿತ್ತು, ಎರಡನೆಯವನಿಗೆ ಇದು ಬೀಳಬೇಕು, ಚಾವಣಿಯ ನೀರು ಸೂರಿನಿಂದ ತನ್ನಷ್ಟಕ್ಕೆ ಇಳಿಯುವ ಹಾಗೆ. ಅದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ. ಅಡ್ಡ ನಿಂತು ಕೆಡಿಸಿದ್ದು ಅವನೇ. ಚಳಿಗಾಲದ ಕೊನೆ, ಕೆರಿನ್‌ಗೆ ಇನ್ನೂ ಹೊಟ್ಟೆಯಿತ್ತು, ಅವಳದೇ ಮನೆಯ ಮಾಡಿನ ನೆತ್ತಿಯನ್ನು ಅವನು ಸರಿಪಡಿಸುತ್ತಿದ್ದ. ಅವಳು ಚಹಾದ ಬಟ್ಟಲು ಹಿಡಿದು ಏಣಿಯ ಬುಡಕ್ಕೆ ಬಂದು ಕತ್ತೆತ್ತಿ, ಅಪ್ಪ, ಇವನು ಎರಡನೆಯವನು, ನಿನ್ನ ಹೆಸರಿಟ್ಟರೆ ನಿನಗೆ ಖುಷಿಯಾಗುತ್ತಾ ಎಂದು ಕೇಳಿದಳು. ಅವಳು ಕೇಳಬಾರದಿತ್ತು. ಖುಷಿಯಾಗುತ್ತಾ ಎಂದು ಕೇಳುವುದು ಪ್ರವಾಸಿಗಳ ಭಾಷೆ. ಆದರೆ ಅವನನ್ನು ಚುಚ್ಚಿದ್ದು ಅದಲ್ಲ, ನಿನ್ನ ಹೆಸರು ಎಂದದ್ದು. ಗಾಳಿ ಜೋರಿತ್ತು, ಬೆರಳು ಮರಗಟ್ಟಿತ್ತು, ಜೊಂಡಿನ ಕಂತೆಯೊಂದು ಜಾರಿ ಕೆಳಗೆ ಬಿದ್ದಿತ್ತು, ಇವೆಲ್ಲ ನೆವ. ಅವನು ಮೇಲಿನಿಂದ ಅರಚಿದ: "ನನ್ನ ಹೆಸರಾ? ನನಗೆಲ್ಲಿದೆ ಹೆಸರು? ಅದು ಚರ್ಚಿನ ಹಿಂದೆ ಮಲಗಿದ್ದಾನಲ್ಲ, ಅವನದು. ಹೋಗಿ ಅವನನ್ನ ಕೇಳು." ಕೆರಿನ್ ಬಟ್ಟಲನ್ನು ಗೋಡೆಯ ಮೇಲಿಟ್ಟು ಒಳಗೆ ಹೋದಳು. ಹೊತ್ತು ಮುಳುಗುವ ತನಕ ಅವನು ಇಳಿಯಲಿಲ್ಲ. ನಾನು ಬೇಡ ಅಂದದ್ದಲ್ಲ ಕಣೇ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಮಾತು ಗಂಟಲಿಗೆ ಬಂದು ಬಂದು ಹೋಯಿತು. ಮಗು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಅದನ್ನು ಎತ್ತಿಕೊಂಡಾಗಲೂ ಬಂದಿತ್ತು, ಅಲ್ಲಿ ಅವನು ಹೇಳಿದ್ದು ಮೂಗು ನಮ್ಮ ಕಡೆಯದು ಅಂತ ಮಾತ್ರ.

ಚರ್ಚಿನ ಹಿಂದೆ ಮಲಗಿದ್ದವನು ಅಣ್ಣ. ಅಣ್ಣ ಎನ್ನಲು ಅವನನ್ನು ಕಂಡದ್ದೇ ಇಲ್ಲ. ನಾಲ್ಕು ವರ್ಷದವನಿದ್ದಾಗ ಹುಲ್ಲುಗಾವಲಿನ ಕಾಲುವೆಗೆ ಬಿದ್ದು ಹೋದ. ಅಮ್ಮ ಬಟ್ಟೆ ಒಣಹಾಕುತ್ತಿದ್ದಳಂತೆ, ಒಂದು ಚಾದರ ಕೊಡವಿ ಹಗ್ಗಕ್ಕೆ ಹಾಕುವಷ್ಟು ಹೊತ್ತು. ಮರುವರ್ಷ ಇವನು ಹುಟ್ಟಿದ. ಅಜ್ಜ ಕೇಟೆಲ್ ಇನ್ನೂ ಬದುಕಿದ್ದ, ಒಲೆಯ ಪಕ್ಕದ ಕುರ್ಚಿಯಲ್ಲಿ ಪೈಪು ಸೇದುತ್ತ ಕೂತಿದ್ದ, ಅವನ ಹೆಸರನ್ನು ನೀರಲ್ಲಿ ಬಿಟ್ಟುಬಿಡುವ ಹಾಗಿರಲಿಲ್ಲ. ಹೀಗಾದಾಗ ನಮ್ಮಲ್ಲಿ ಹಿಂದಿನಿಂದಲೂ ಮಾಡುವುದನ್ನೇ ಮಾಡಿದರು: ಹೋದವನ ಹೆಸರನ್ನು ಬಂದವನಿಗಿಟ್ಟರು. ಅದರಲ್ಲಿ ಯಾರ ತಪ್ಪೂ ಇಲ್ಲ. ಹೆಸರು ಹಾಗೇ ಇತ್ತು, ಅದರೊಳಗೆ ಇದ್ದವನು ಬದಲಾದ. ಶಾಲೆಗೆ ಸೇರಿದ ವರ್ಷ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳತೊಡಗಿದಾಗ, ಪುಸ್ತಕದ ಹೊರಗೆ ಅವನು ತಾನಾಗಿ ಓದಿದ ಮೊದಲ ಮಾತು ಆ ಸಣ್ಣ ಕಲ್ಲಿನ ಮೇಲಿನ ತನ್ನ ಹೆಸರು. ಬೆರಳಿಟ್ಟು ಓದಿದ, ಇನ್ನೊಮ್ಮೆ ಓದಿದ, ಅಮ್ಮನಿಗೆ ತೋರಿಸಲು ತಿರುಗಿದ. ಅಮ್ಮ ಹೂವು ಜೋಡಿಸುತ್ತ ಮಂಡಿಯೂರಿದ್ದಳು. ಅವನು ಮನೆಯ ತನಕ ಓಡಿದ, ಓಡುತ್ತ ಎದೆಯ ಮೇಲೆ ಕೈಯಿಟ್ಟು ಒಳಗೆ ಬಡಿಯುತ್ತಿದೆಯೇ ಎಂದು ನೋಡಿಕೊಂಡ. ಆಮೇಲೆ ಗಮನಿಸತೊಡಗಿದ. ಕೇಟೆಲ್ ಎಂದು ಕರೆದಾಗ ಅಮ್ಮನ ನೋಟ ಅವನ ಮುಖಕ್ಕೆ ಬರುತ್ತಿರಲಿಲ್ಲ, ಇನ್ನೂ ಕೆಳಗೆ, ನಾಲ್ಕು ವರ್ಷದ ಮಗುವಿನ ತಲೆ ಎಷ್ಟು ಎತ್ತರಕ್ಕಿರುತ್ತದೋ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಅವನು ಬೆಳೆದ, ಅಪ್ಪನಿಗಿಂತ ಎತ್ತರವಾದ, ನೋಟ ಅಲ್ಲೇ ಉಳಿಯಿತು. ಮೊದಲು ಅಂಗಿಯ ಗುಂಡಿಗೆ, ಆಮೇಲೆ ಬೆಲ್ಟಿಗೆ, ಈಗ ತೊಡೆಗೆ. ಅಲ್ಲಿ ನೋಡಿ ಅಮ್ಮ ಅವನನ್ನು ಊಟಕ್ಕೆ ಕರೆಯುತ್ತಿದ್ದಳು. ಅವಳು ಕೆಟ್ಟವಳಲ್ಲ. ಅವನಿಗೆ ಉಣ್ಣಿಸಿದಳು, ಜ್ವರ ಬಂದಾಗ ಕೂತಳು, ಹೆಣೆದು ತೊಡಿಸಿದಳು. ಕರೆಯುವಾಗ ಮಾತ್ರ.

ಹೆಸರಿನ ಬಗ್ಗೆ ಅವನ ತಲೆ ಕೆಡಿಸಿದ್ದು ಮನೆಯ ಮಹಡಿಯಲ್ಲಿ ಪ್ರತಿ ಬೇಸಿಗೆ ಬಾಡಿಗೆಗೆ ಉಳಿಯುವ ಹ್ಯಾಂಬುರ್ಗಿನ ಶ್ರೀಮತಿ ಬ್ರೂನ್ಸ್, ನಿವೃತ್ತ ಶಾಲಾಶಿಕ್ಷಕಿ. ಮೊದಲ ವರ್ಷ ಹೆಸರು ಕೇಳಿ, ಅದೇ ಸದ್ದಿನ ಚಹಾ ಕಾಯಿಸುವ ಪಾತ್ರೆಯ ನೆನಪಾಗಿ ನಕ್ಕಿದ್ದಳು. ಅದರಲ್ಲಿ ಹೊಸದೇನೂ ಇರಲಿಲ್ಲ. ಶಾಲೆಯಲ್ಲಿ ಅವನು ಹಾದುಹೋದರೆ ಹುಡುಗರು ಚಮಚದಿಂದ ಊಟದ ಡಬ್ಬಿ ಬಡಿಯುತ್ತಿದ್ದರು, ಕೊಪ್ಪರಿಗೆ ಎಂಬ ಅಡ್ಡಹೆಸರು ಇವತ್ತಿಗೂ ಅಂಟಿಕೊಂಡಿದೆ. ಮರುವರ್ಷ ಅವಳು ಎಲ್ಲೆಲ್ಲೋ ಓದಿಕೊಂಡು ಬಂದು, ತಿಂಡಿಯ ಮೇಜಿನಲ್ಲಿ ಕನ್ನಡಕ ಏರಿಸಿ ಪಾಠ ಮಾಡಿದಳು. ಅದು ಕೊಪ್ಪರಿಗೆಯೇ ಹೌದು, ಆದರೆ ಅಡುಗೆಮನೆಯದಲ್ಲ. ಶಿಲುಬೆ ಈ ಕಡಲಿಗೆ ಬರುವ ಮೊದಲು, ಬಲಿಕೊಟ್ಟ ಪ್ರಾಣಿಯನ್ನು ದೇವರಿಗೆಂದು ಬೇಯಿಸುತ್ತಿದ್ದ ದೊಡ್ಡ ಕೊಪ್ಪರಿಗೆ ಇರಬೇಕು ಎನ್ನುತ್ತಾರೆ. ಯೋಧರ ತಲೆಗವಸು ಅನ್ನುವವರೂ ಇದ್ದಾರೆ. ಇಷ್ಟು ಹಳೆಯದರ ನಿಜ ಯಾರಿಗೂ ಗೊತ್ತಿಲ್ಲ. ಸಾವಿರ ವರ್ಷಕ್ಕೂ ಹಿಂದೆ ಉತ್ತರದ ನಾವಿಕರು ಈ ಹೆಸರನ್ನು ಹೊತ್ತು ಐಸ್‌ಲ್ಯಾಂಡಿನ ತನಕ ಹೋದರು, ಒಂದು ಕಾಲಕ್ಕೆ ಮನೆಗೊಬ್ಬ ಇದ್ದ, ಆಮೇಲೆ ಎಲ್ಲ ಕಡೆ ಸವೆದು ನಿಮ್ಮಂಥ ದ್ವೀಪಗಳಲ್ಲಿ ಉಳಿಯಿತು. ಇಷ್ಟು ಹೇಳಿ ಅವಳು ಚಿಪ್ಪಿನಿಂದ ಮೊಟ್ಟೆ ಬಿಡಿಸುತ್ತ, ಕೊನೆಗೆ ಒಳ್ಳೆಯ ಸುದ್ದಿ ಎಂಬಂತೆ, ತನ್ನ ಅಕ್ಕನ ಮಗಳು ಇದನ್ನು ಕೇಳಿ ಇಷ್ಟಪಟ್ಟು ಮಗನಿಗೆ ಇಟ್ಟಿದ್ದಾಳೆ, ಅದೇ ಶಿಶುವಿಹಾರದಲ್ಲಿ ಇನ್ನೊಬ್ಬನೂ ಬಂದಿದ್ದಾನೆ, ನಿಮ್ಮ ಹೆಸರು ಈಗ ಪೇಟೆಯಲ್ಲಿ ಫ್ಯಾಷನ್ನು ಎಂದಳು. ಕೇಟೆಲ್ ಬ್ರೆಡ್ಡು ಕೊಯ್ಯುವ ಚಾಕುವನ್ನು ಮೇಜಿನ ಮೇಲಿಟ್ಟು ಎದ್ದು ಹೊರಗೆ ಹೋದ. ಈ ದ್ವೀಪದಲ್ಲಿ ಆಗ ಉಳಿದಿದ್ದವನು ಅವನೊಬ್ಬನೇ. ಉತ್ತರದ ಊರಿನ ಮುದುಕ ಕೇಟೆಲ್ ಆ ಬೇಸಿಗೆಗೆ ಮೊದಲಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಯಾರದೋ ಮನೆಯ ಅಟ್ಟದಿಂದ ಇಳಿಸಿದ ಹಳೆಯ ಪೆಟ್ಟಿಗೆಯನ್ನು ತೊಳೆದು ಪೇಟೆಯ ಹಜಾರದಲ್ಲಿ ಹೂವಿನ ಕುಂಡವಿಡಲು ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಆ ಹೆಸರನ್ನು ಇಟ್ಟುಕೊಂಡಿದ್ದರು.

ಆದರೆ ಆವತ್ತು ಮಧ್ಯಾಹ್ನ ಮಾಡಿನ ನೆತ್ತಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಗ, ಇಳಿತದಲ್ಲಿ ಬತ್ತಿದ ಕಡಲ ಕೆಸರು ಕಣ್ಣು ಹಾಯುವ ತನಕ ಹೊಳೆಯುತ್ತಿದ್ದಾಗ, ಸಿಟ್ಟು ಹೇಗೋ ಸೋರಿಹೋಗಿ ಬೇರೇನೋ ಬಂದು ಕೂತಿತು. ಬೆಂಕಿ, ಮೂರು ಕಾಲಿನ ಮೇಲೆ ನಿಂತ ಕಬ್ಬಿಣದ ಬಾಯಿ, ಸುತ್ತ ನಿಂತ ಜನ, ಆ ಜನರಲ್ಲೊಬ್ಬಳು ಬಸುರಿ. ಅವಳಿಗೆ ಅದನ್ನು ಕಂಡು ಭಯವೂ ಭಕ್ತಿಯೂ ಆಗಿ, ಹುಟ್ಟುವವನಿಗೆ ಇದರ ಹೆಸರೇ ಇರಲಿ ಅಂದುಕೊಂಡಿದ್ದಿರಬೇಕು. ಅವಳು ಹೋದಳು, ಆ ದೇವರುಗಳೂ ಹೋದರು, ಆ ಕಬ್ಬಿಣ ತುಕ್ಕಾಗಿ ಕೆಸರಾಯಿತು. ಹೆಸರು ಉಳಿಯಿತು. ಅದನ್ನು ಹೊತ್ತವರು ಗ್ರೀನ್‌ಲ್ಯಾಂಡಿನ ಮಂಜಿಗೆ ಹೋಗಿ ತಿಮಿಂಗಿಲ ಹಿಡಿದು ತಂದರು, ಅದರ ಕೊಬ್ಬು ಕುದಿಸುವುದಕ್ಕೂ ಕೊಪ್ಪರಿಗೆಯೇ ಬೇಕಾಯಿತು. ಬಿರುಗಾಳಿಯಲ್ಲಿ ಹಡಗಿನ ಮೇಲಿಂದ ಈ ಹೆಸರನ್ನು ಕೂಗಿದ್ದಾರೆ, ಹಿತ್ತಿಲ ಬಾಗಿಲಿನಿಂದ ಕೂಗಿದ್ದಾರೆ, ಹಾಸಿಗೆಯಲ್ಲಿ ಪಿಸುಗುಟ್ಟಿದ್ದಾರೆ. ಅಷ್ಟು ಬಾಯಿಗಳಿಂದ ದಾಟಿ ಬಂದು ಕೊನೆಗೆ ಈ ಸಿಡುಕು ಮುಖದವನ ಮೇಲೆ ಕೂತಿದೆ. ಅವನು ಎರಡೂ ಕೈಯಿಂದ ಜೊಂಡು ಹಿಡಿದುಕೊಂಡ. ಅದು ತನ್ನಲ್ಲೇ ನಿಂತುಹೋಗಬಾರದು ಎಂದು ಮೊದಲ ಸಲ ಅನ್ನಿಸಿದ್ದು ಆವತ್ತು. ತನ್ನದಲ್ಲದ ಒಂದನ್ನು ದಾಟಿಸುವ ಹಕ್ಕು ತನಗೆಲ್ಲಿದೆ ಎಂದು ಅದರ ಬೆನ್ನಿಗೇ ಅನ್ನಿಸಿತು. ಏಣಿಯ ಮೇಲಿನಿಂದ ಕೆರಿನ್‌ಗೆ ಅರಚುವಾಗ ಬಾಯಿಗೆ ಬಂದದ್ದು ಈ ಎರಡನೆಯದು.

ಅಮ್ಮ ಮಾರೆಟ್‌ಳನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸುವುದು ಸುಲಭವಾಗಿರಲಿಲ್ಲ. ಹಬ್ಬದ ಕಪ್ಪು ಉಡುಪು, ಹೆಗಲ ಮೇಲಿನ ಕಸೂತಿ ವಸ್ತ್ರಕ್ಕೆ ಚುಚ್ಚಿದ ಪಿನ್ನುಗಳು, ಎದೆಯ ಮೇಲೆ ಜೋಲುವ ಬೆಳ್ಳಿಯ ಸರಪಣಿಗಳು. ಎಲೆನ್ ಬೆಳಗಿನಿಂದ ಉಡಿಸಿದ್ದಳು. ಅಮ್ಮನಿಗೆ ಎಂಬತ್ತು ದಾಟಿ ಬಹಳ ಕಾಲವಾಗಿತ್ತು. ಎರಡು ವರ್ಷದಿಂದ ಮರೆವು ಹೆಚ್ಚುತ್ತಿತ್ತು: ಕಾಫಿಗೆ ಉಪ್ಪು, ಒಲೆಯ ಮೇಲೆ ಖಾಲಿ ಪಾತ್ರೆ, ಎಲೆನ್‌ಳನ್ನು ಕಂಡು ನೀನು ಯಾರ ಮಗಳಮ್ಮಾ ಎನ್ನುವುದು. ಮಗುವನ್ನು ಇವಳ ಕೈಗೆ ಕೊಡಬೇಡ, ಬೀಳಿಸಿಬಿಡುತ್ತಾಳೆ ಎಂದು ಕೇಟೆಲ್ ಕೆರಿನ್‌ಗೆ ಹೇಳಿ ಜಗಳವಾಗಿತ್ತು. ಹಿರಿಯಳು ಅಜ್ಜಿ, ಎತ್ತಿಕೊಳ್ಳುವವಳು ಅಜ್ಜಿಯೇ, ನಾನು ಪಕ್ಕದಲ್ಲಿ ನಿಂತಿರುತ್ತೇನೆ ಎಂದು ಅವಳು ಪಟ್ಟು ಬಿಡಲಿಲ್ಲ. ಅವಳ ಹಟವೂ ಅಪ್ಪನದೇ, ಬಿಡುವುದು ಹೇಗೆ. ಕಾರು ಹುಲ್ಲುಗಾವಲಿನ ತಗ್ಗಿಗೆ ಇಳಿದಾಗ, ಉತ್ತರಕ್ಕೆ ಹಾರುವ ಮೊದಲು ಹುಲ್ಲು ತಿಂದು ಕೊಬ್ಬುತ್ತಿದ್ದ ಕಪ್ಪು ಕಡಲಬಾತುಗಳು ನೆಲ ಕಾಣದ ಹಾಗೆ ಕೂತಿದ್ದವು.

"ಯಾರು ಹೋದರು?" ಎಂದಳು ಅಮ್ಮ.

ಯಾರೂ ಹೋಗಿಲ್ಲ, ಕೆರಿನ್‌ಳ ಮಗುವಿಗೆ ಹೆಸರಿಡುವುದು ಎಂದು ಅವನು ಹೇಳಿದ.

"ಅದು ಗೊತ್ತು ಬಿಡು. ಹೆಸರು ನನ್ನ ಹತ್ರಾನೇ ಇದೆ." ಅಮ್ಮ ಎದೆಯ ಬೆಳ್ಳಿಯ ಮೇಲೆ ಅಂಗೈಯಿಟ್ಟಳು, ಪರ್ಸು ಭದ್ರವಾಗಿದೆಯೇ ಎಂದು ನೋಡಿಕೊಳ್ಳುವವರ ಹಾಗೆ.

ಕೇಳಿದರೆ ಹೇಳಿಬಿಡುತ್ತಾಳೆ. ಅವಳಿಗೆ ಈಗ ಕೇಳಬಾರದು, ಹೇಳಬಾರದು ಎಂಬುದೆಲ್ಲ ಎಲ್ಲಿ ನೆನಪಿರುತ್ತದೆ. ಮಗುವಿನ ಕೈಯಿಂದ ಮಿಠಾಯಿ ಕಿತ್ತುಕೊಳ್ಳುವಷ್ಟು ಸುಲಭ. ಅವನು ಅಮ್ಮಾ ಎಂದ. ಏನು ಎಂದಳು. ಅವನ ಕಿವಿ ಬಿಸಿಯಾಯಿತು, ಸೀಟಿನ ಬೆಲ್ಟು ಬಿಗಿಯಾಯಿತೇ ಎಂದು ಕೇಳಿದ. ಹಿಂದಿನ ಸೀಟಿನಲ್ಲಿ ಕೇಕಿನ ಡಬ್ಬಿಗಳನ್ನು ತೊಡೆಯ ಮೇಲಿಟ್ಟು ಕೂತಿದ್ದ ಎಲೆನ್ ಮೂಗಿನಲ್ಲೇ ನಕ್ಕದ್ದು ಅವನಿಗೆ ಕೇಳಿಸಿತು. ಐವತ್ತು ದಾಟಿದ ಗಂಡಸು ಒಂದು ಹೆಸರಿಗಾಗಿ ಮುದುಕಿಯ ಮುಂದೆ ಹಲ್ಲು ಗಿಂಜುವುದೇ. ದಾರಿಯುದ್ದಕ್ಕೂ ಅವನು ಗೇರನ್ನು ಮುರಿಯುವಷ್ಟು ಜೋರಾಗಿ ಬದಲಿಸಿದ.

ಚರ್ಚಿನ ಅಂಗಳದಲ್ಲಿ ಜನ ಆಗಲೇ ನಿಂತಿದ್ದರು. ಪಕ್ಕದ ಮನೆಯ ಹಸು ಸಾಕುವ ಬ್ರಾರ್ ಅವನ ಜೊತೆ ಓದಿದವನು, ಡಬ್ಬಿ ಬಡಿದವರಲ್ಲಿ ಅವನೂ ಒಬ್ಬ. ಅವನು ಹತ್ತಿರ ಬಂದು ದನಿ ತಗ್ಗಿಸದೆ, "ಏನಪ್ಪಾ ಕೊಪ್ಪರಿಗೆ, ಇವತ್ತು ಹೊಸಾದು ಬರುತ್ತೋ, ಇಲ್ಲಾ ಹಳೇದಕ್ಕೇ ಕಲಾಯಿ ಹಾಕಿಸ್ಕೋಬೇಕೋ?" ಎಂದ. ಸುತ್ತ ನಿಂತವರು ನಕ್ಕರು. ಆ ನಗುವಿನಲ್ಲಿ ಕುಹಕ ಇರಲಿಲ್ಲ, ಅವರಿಗೂ ಅದೇ ಬೇಕಾಗಿತ್ತು. ಒಂದು ಹಳೆಯ ಹೆಸರು ಉಳಿದರೆ ತಮ್ಮದೇ ಏನೋ ಉಳಿದ ಹಾಗೆ. ಬಂದರೆ ನಿನಗೇ ಮೊದಲು ಅದರಲ್ಲಿ ಸಾರು ಬಡಿಸುತ್ತೇನೆ ಎಂದು ಗುರುಗುಟ್ಟಿ ಅವನು ಕಲ್ಲುಗಳ ನಡುವಿನ ದಾರಿ ಹಿಡಿದ. ಇಲ್ಲಿಯ ಕಲ್ಲುಗಳು ಮಾತಾಡುತ್ತವೆ. ನೆತ್ತಿಯ ಮೇಲೆ ಹಡಗು ಕೆತ್ತಿರುತ್ತದೆ, ಕೆಳಗೆ ಸತ್ತವನ ಇಡೀ ಬಾಳು: ಎಷ್ಟನೆಯ ವಯಸ್ಸಿಗೆ ಕಡಲಿಗೆ ಹೋದ, ಎಷ್ಟು ತಿಮಿಂಗಿಲ ಹಿಡಿದ, ಯಾರನ್ನು ಕೂಡಿ ಎಷ್ಟು ಮಕ್ಕಳನ್ನು ಪಡೆದ. ಹಿಂದೆ ಅಪ್ಪನ ಹೆಸರೇ ಮಗನ ಎರಡನೆಯ ಹೆಸರಾಗುತ್ತಿತ್ತು, ಹಾಗಾಗಿ ಜೆನ್ಸ್‌ನ ಮಗ ಕೇಟೆಲ್, ಕೇಟೆಲ್‌ನ ಮಗ ಜೆನ್ಸ್, ಜೆನ್ಸ್‌ನ ಮಗ ಕೇಟೆಲ್, ಕಲ್ಲಿನಿಂದ ಕಲ್ಲಿಗೆ ಎಡಗಾಲು ಬಲಗಾಲು ಇಡುತ್ತ ಬಂದ ಹಾಗೆ ಒಂದೇ ನಡಿಗೆ. ಅತ್ತ ತೀರ ಹಳೆಯವುಗಳ ಮೇಲೆ ಅಕ್ಷರಗಳು ಪಾಚಿಯೊಳಗೆ ಹೋಗಿ, ಬೆರಳಿಗೆ ಮಾತ್ರ ಸಿಗುತ್ತಿದ್ದವು. ಅವನು ಯಾವತ್ತೂ ಇವುಗಳ ಮುಂದೆ ಟೋಪಿ ತೆಗೆಯದೆ ಹಾದಿಲ್ಲ. ನಡಿಗೆಯ ಕೊನೆಗೆ ಗೋಡೆಯ ಹತ್ತಿರ ಆ ಸಣ್ಣದು. ಅದರ ಮೇಲೆ ಹಡಗಿಲ್ಲ, ಬಾಳಿನ ಕಥೆಯಿಲ್ಲ, ಹೆಸರು ಮತ್ತು ಎರಡು ದಿನಾಂಕ. ಅವನು ಅದರ ಮುಂದೆ ನಿಂತ. ಇವತ್ತು ಏನಾಗುತ್ತದೆಂದು ನಿನಗಾದರೂ ಗೊತ್ತೇ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಒಳಗೆ ಎತ್ತರದ ಬಿಳಿಯ ಗೋಡೆಗಳ ನಡುವೆ ತಂಪಿತ್ತು. ದಕ್ಷಿಣದಿಂದ ಬಂದು ವರ್ಷವಾಗಿದ್ದ ಎಳೆಯ ಪಾದ್ರಿಯಮ್ಮ ಕಲ್ಲಿನ ನೀರಬಟ್ಟಲಿನ ಪಕ್ಕ ನಿಂತು ಮೃದುವಾಗಿ ಏನೇನೋ ಓದಿದಳು. ಕೇಟೆಲ್ ಮುಂದಿನ ಬೆಂಚಿನಲ್ಲಿ ಕೂತು ಮಾತು ಕೇಳಲಿಲ್ಲ, ಅಮ್ಮನ ಕೈಗಳನ್ನು ನೋಡುತ್ತಿದ್ದ. ಆ ಕೈಗಳು ಮಗುವನ್ನು ಹಿಡಿದ ರೀತಿಯಲ್ಲಿ ಒಂದಿಷ್ಟೂ ಮರೆವಿರಲಿಲ್ಲ. ಕತ್ತಿನ ಕೆಳಗೆ ಅಂಗೈ, ತೋಳಿನ ಮೇಲೆ ಬೆನ್ನು, ಉದ್ದನೆಯ ಬಿಳಿ ನಿಲುವಂಗಿ ಅವಳ ಮಂಡಿಯ ತನಕ ಇಳಿದಿತ್ತು. ಎಡಕ್ಕೆ ಕೆರಿನ್, ಬಲಕ್ಕೆ ಹೆಂಡ್ರಿಕ್, ಇಬ್ಬರೂ ಕೈ ಮುಂದಿಟ್ಟುಕೊಂಡು ಬಿದ್ದರೆ ಹಿಡಿಯಲು ತಯಾರಾಗಿ ನಿಂತಿದ್ದರು. ಪಾದ್ರಿಯಮ್ಮ ಅಂಗೈಯನ್ನು ಬಟ್ಟಲಾಗಿಸಿ ನೀರಿಗೆ ಇಳಿಸಿ, ಈ ಮಗುವಿನ ಹೆಸರೇನು ಎಂದು ಕೇಳಿದಳು.

ಅಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ. ಅವಳು ಮಗುವಿನ ಮುಖ ನೋಡಿದಳು, ನೀರು ನೋಡಿದಳು. ಬೆಂಚುಗಳಲ್ಲಿ ಯಾರೋ ಕೆಮ್ಮಿದರು. ಹೋಯಿತು, ಎಂದುಕೊಂಡ ಕೇಟೆಲ್. ಕಾರಿನಲ್ಲಿ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡದ್ದು ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಎಲ್ಲೋ ಬಿದ್ದುಹೋಯಿತು. ಕೆರಿನ್ ಅಜ್ಜಿಯ ಕಿವಿಯ ಕಡೆ ಬಾಗುತ್ತಿದ್ದಳು. ಅಷ್ಟರಲ್ಲಿ ಅಮ್ಮ ತಲೆಯೆತ್ತಿ ಜನರೆಡೆಗೆ ತಿರುಗಿ, ಒಂದೊಂದೇ ಮುಖವನ್ನು ದಾಟುತ್ತ ಬಂದು, ಅವನನ್ನು ಕಂಡು ನಿಂತಳು.

"ಕೇಟೆಲ್," ಎಂದಳು.

ಸ್ಪಷ್ಟವಾಗಿ, ಗೋಡೆಗೆ ತಾಗಿ ಮರಳಿ ಬರುವಷ್ಟು ಗಟ್ಟಿಯಾಗಿ ಹೇಳಿದಳು. ಹಿಂದಿನ ಬೆಂಚುಗಳಿಂದ ಒಂದು ಉಸಿರು ಎದ್ದು ಇಡೀ ಚರ್ಚು ಸಡಿಲವಾಯಿತು. ಬ್ರಾರ್ ಪಕ್ಕದವನ ತೊಡೆಗೆ ಬಡಿದದ್ದು ಕೇಳಿಸಿತು. ಪಾದ್ರಿಯಮ್ಮನ ಕೈ ನೀರು ತುಂಬಿಕೊಂಡು ಅರ್ಧ ಮೇಲಕ್ಕೆ ಬಂದು ಅಲ್ಲೇ ತಡೆಯಿತು, ಅವಳು ಕೆರಿನ್‌ಳ ಮುಖ ನೋಡಿದಳು. ಚರ್ಚಿನ ದಾಖಲೆಗೆಂದು ಅವಳಿಗೆ ಮೊದಲೇ ಗುಟ್ಟಾಗಿ ಬರೆದುಕೊಟ್ಟ ಹೆಸರು ಬೇರೆಯಿತ್ತು ಎಂದು ಅದರಿಂದಲೇ ಗೊತ್ತಾಗುತ್ತಿತ್ತು. ಕೆರಿನ್ ಗಂಡನ ಕಡೆ ನೋಡಿದಳು, ಆಮೇಲೆ ಅಪ್ಪನ ಕಡೆ. ಅವಳ ಕಣ್ಣು ತುಂಬಿತ್ತು. ಅವಳು ನಿಧಾನವಾಗಿ ತಲೆಯಾಡಿಸಿದಳು. ಆಗಲಿ, ಅದೇ ಇರಲಿ.

ಅಷ್ಟೇ ಸಾಕಾಗಿತ್ತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ, ಆ ಅಂಗೈಯ ನೀರು ಬೀಳುವಷ್ಟು ಹೊತ್ತು ಕೂತಿದ್ದರೆ, ಹೆಸರು ದಾಟಿಬಿಡುತ್ತಿತ್ತು. ಆಮೇಲೆ ಯಾರೂ ಅದನ್ನು ಹಿಂದಕ್ಕೆ ಪಡೆಯುವ ಹಾಗಿಲ್ಲ. ಅವನು ಕೇಳಿರಲಿಲ್ಲ, ಬೇಡಿರಲಿಲ್ಲ, ತನ್ನಷ್ಟಕ್ಕೆ ಸೂರಿನಿಂದ ಇಳಿದಿತ್ತು. ಇನ್ನು ಎಂಬತ್ತು ವರ್ಷ ಈ ದ್ವೀಪದಲ್ಲಿ ಕೇಟೆಲ್ ಎಂದು ಕೂಗಿದರೆ ಓಗೊಡುವವನೊಬ್ಬ ಇರುತ್ತಿದ್ದ. ಕೇಟೆಲ್‌ನ ಬೆರಳುಗಳು ಬೆಂಚಿನ ಅಂಚನ್ನು ಹಿಡಿದುಕೊಂಡವು. ಆದರೆ ಅಮ್ಮ ಇನ್ನೂ ಅವನನ್ನೇ ನೋಡುತ್ತಿದ್ದಳು. ಅವನ ತೊಡೆಯನ್ನಲ್ಲ, ಬೆಲ್ಟನ್ನಲ್ಲ. ಅವನ ಮುಖವನ್ನು. ಮಂಜುಗಟ್ಟಿದ ಆ ಹಳೆಯ ಕಣ್ಣುಗಳು ನೇರವಾಗಿ ಅವನ ಕಣ್ಣಿಗೆ ಬಂದು ನಿಂತಿದ್ದವು, ಅವುಗಳಲ್ಲಿ ಗಾಬರಿಯಿತ್ತು, ನೀರಲ್ಲಿ ಕಾಲು ಜಾರಿದವರು ದಡದಲ್ಲಿರುವವನನ್ನು ನೋಡುವ ಗಾಬರಿ. ಅವಳು ಮಗುವಿಗೆ ಹೆಸರಿಟ್ಟಿರಲಿಲ್ಲ. ಮರೆತುಹೋಗಿದೆ, ಏನು ಮಾಡಲಿ, ಬಾ ಎಂದು ಮಗನನ್ನು ಕರೆದಿದ್ದಳು. ಮರೆವು ಎಲ್ಲವನ್ನೂ ಒಂದೊಂದಾಗಿ ತೆಗೆದುಕೊಂಡು ಹೋಗಿತ್ತು, ನಾಲ್ಕು ವರ್ಷದ ಅವನನ್ನೂ ತೆಗೆದುಕೊಂಡು ಹೋಗಿತ್ತು, ಉಳಿದಿದ್ದ ಒಬ್ಬನೇ ಕೇಟೆಲ್ ಬೆಂಚಿನ ಮೇಲೆ ಕೂತಿದ್ದ. ಆ ಸಾವಿರ ವರ್ಷ, ಆ ಬೆಂಕಿ, ಆ ಹಡಗುಗಳು, ಪಾಚಿ ಕವಿದ ಅಕ್ಷರಗಳು ಎಲ್ಲವೂ ಯಾವುದೋ ಇಳಿಜಾರಿನಲ್ಲಿ ಹರಿದು ಬಂದು ಈ ಒಂದು ಗಳಿಗೆಯಲ್ಲಿ ಅವನ ಮೇಲೆ ಸುರಿದ ಹಾಗಾಯಿತು. ಇದು ತನ್ನದು. ಇದನ್ನು ಈಗ ಕೊಟ್ಟುಬಿಟ್ಟರೆ ಈ ಕರೆಯೂ ತನ್ನನ್ನು ದಾಟಿ ಆ ಬಿಳಿ ಬಟ್ಟೆಯ ಕೂಸಿಗೆ ಹೋಗುತ್ತದೆ; ಆ ಕೂಸೂ ಒಂದು ದಿನ ಬೆರಳಿಟ್ಟು ಕಲ್ಲು ಓದಿ, ಎದೆ ಮುಟ್ಟಿಕೊಂಡು ಮನೆಗೆ ಓಡುತ್ತದೆ.

ಅವನು ಎದ್ದು ನಿಂತ. ಬೆಂಚು ಕಿರುಗುಟ್ಟಿತು.

"ನೀರು ಹಾಕಬೇಡಿ," ಎಂದ. ಅಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. "ಅದು ಮಗು ಹೆಸರಲ್ಲ. ಅಮ್ಮ ನನ್ನನ್ನ ಕರೀತಿದಾಳೆ."

ಯಾರೋ ಛೇ ಎಂದರು. ಬ್ರಾರ್ ಹಿಂದಿನಿಂದ, ಕೂತ್ಕೊಳೋ ಮಾರಾಯ ಎಂದು ಹಲ್ಲು ಕಚ್ಚಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಕೇಟೆಲ್ ಬೆಂಚಿನಿಂದ ಹೊರಗೆ ಬಂದು, ಹೊಸ ಬೂಟು ಕಲ್ಲಿನ ನೆಲದ ಮೇಲೆ ಸದ್ದು ಮಾಡುತ್ತ ನೀರಬಟ್ಟಲಿನ ತನಕ ನಡೆದು, ಅಮ್ಮನ ಮೊಣಕೈ ಹಿಡಿದುಕೊಂಡು, ಬಂದೆ ಕಣಮ್ಮಾ ಎಂದ. ಅಮ್ಮ ಉಸಿರು ಬಿಟ್ಟಳು.

"ಇದರ ಹೆಸರು ಹೋಗ್ಬಿಡ್ತು ಕಣೋ," ಎಂದು ಪಿಸುಗುಟ್ಟಿದಳು. "ಹೇಳಿಕೊಡು."

"ನನಗೆಲ್ಲಿ ಗೊತ್ತಮ್ಮಾ. ನನಗ್ಯಾರೂ ಹೇಳಿಲ್ಲ."

ಮುಂದಿನ ಬೆಂಚಿನಲ್ಲಿ ಎಲೆನ್ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು, ನಗುವೋ ಅಳುವೋ. ಕೆರಿನ್ ಒಂದು ಹೆಜ್ಜೆ ಹತ್ತಿರ ಬಂದು ಕಾಲಬೆರಳ ಮೇಲೆ ನಿಂತು ಅಪ್ಪನ ಕಿವಿಗೆ ಬಾಯಿಟ್ಟಳು. ಬೆಚ್ಚಗಿನ ಉಸಿರಿನ ಜೊತೆ ಒಂದು ಹೊಸ ಹೆಸರು ಅವನೊಳಗೆ ಇಳಿಯಿತು. ಅವನು ಅದನ್ನು ಒಂದು ಗಳಿಗೆ ಬಾಯಲ್ಲಿ ಹಿಡಿದಿಟ್ಟು, ಬಾಗಿ, ಅಮ್ಮನ ಕಿವಿಯ ಬೆಳ್ಳಿಯ ಓಲೆಯ ಪಕ್ಕ ಹೇಳಿದ. ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಲೆವಿನ್," ಎಂದು ಕೂಗಿ ಹೇಳಿದಳು, ಕಡಲಾಚೆಗೆ ಕೇಳಬೇಕು ಎಂಬಂತೆ.

ನೀರು ಬಿತ್ತು. ಮಗು ಅಳಲಿಲ್ಲ, ಹಣೆಯಿಂದ ಇಳಿದ ಹನಿಯನ್ನು ತುಟಿಯಿಂದ ಹುಡುಕಿತು. ಕೇಟೆಲ್ ಆ ಒದ್ದೆ ತಲೆಯನ್ನು ನೋಡುತ್ತ, ಹೊರಗಿನ ಅಂಗಳದಲ್ಲಿ ಸಾಲಿನಿಂದ ಸಾಲಿಗೆ ಮನಸ್ಸಿನಲ್ಲೇ ಅಲೆದ. ಆ ಹೆಸರಿನ ಒಂದು ಕಲ್ಲೂ ಸಿಗಲಿಲ್ಲ. ಯಾರೂ ಅದರೊಳಗೆ ಬದುಕಿರಲಿಲ್ಲ, ಯಾರೂ ಸತ್ತಿರಲಿಲ್ಲ. ಮೊದಲ ಸಲ ಯಾರೋ ಒಬ್ಬ ತಾಯಿ ಆ ಕೊಪ್ಪರಿಗೆಯ ಮುಂದೆ ನಿಂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಾಗ ಕೇಟೆಲ್ ಎಂಬ ಹೆಸರೂ ಹೀಗೇ ಇದ್ದಿರಬೇಕು, ಇಷ್ಟೇ ಬರಿದಾಗಿ, ಇಷ್ಟೇ ತುಂಬಿ.

ಹಾಡಿಗೆ ಎಲ್ಲರೂ ಎದ್ದು ನಿಂತರು, ಆರ್ಗನ್ ಮೊದಲಾಯಿತು. ಕೆರಿನ್ ಮಗುವನ್ನು ತೆಗೆದುಕೊಳ್ಳುತ್ತ ಅವನ ಭುಜಕ್ಕೆ ಭುಜ ತಾಗಿಸಿ ನಿಂತು, ಮುಂದೆ ನೋಡುತ್ತಲೇ ಕೇಳಿದಳು.

"ನಾನು ಒಪ್ಪಿದ್ದೆನಲ್ಲ ಅಪ್ಪ. ನಿನಗೆ ಬೇಕಿತ್ತು ಅಂತಾನೂ ಗೊತ್ತಿತ್ತು. ಯಾಕೆ ಬಿಟ್ಟುಕೊಟ್ಟೆ?"

"ಎಲ್ಲಿ ಬಿಟ್ಟುಕೊಟ್ಟೆ," ಎಂದ ಕೇಟೆಲ್. "ನನಗೇ ಬೇಕಿತ್ತು, ಇಟ್ಕೊಂಡೆ."